ಅಪ್ಪನ ರಕ್ತ, ನಿನ್ನ ಓಲೆ

ನಾರಿನ್,
ಏಪ್ರಿಲ್ ೯

ಮುದ್ದಿನ ಮಗಳು ಬೆಗಿಮಾಯ್‌ಗೆ,

ಅಮ್ಮನ ನೂರು ಮುತ್ತು. ಓಶ್‌ನಲ್ಲಿ ಆಗಲೇ ಮರಗಳು ಹೂಬಿಟ್ಟಿರಬೇಕು. ಇಲ್ಲಿ ಅಂಗಳದ ಮಂಜು ಇನ್ನೂ ಕರಗಿಲ್ಲ. ಇಷ್ಟು ದಿನ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕೂತು, "ಮಗಳಾ? ಕೊಡು ಇಲ್ಲಿ" ಎಂದು ಕಸಿದುಕೊಳ್ಳುತ್ತಾರೆ. ಅದಕ್ಕೇ ಈ ಕಾಗದ.

ಬಿಷ್ಕೆಕ್‌ನ ದೊಡ್ಡಾಸ್ಪತ್ರೆಗೆ ಹೋಗಿ ಬಂದೆವು. ವರ್ಷಗಟ್ಟಲೆ ತಾವೇ ಹಸು ಕುರಿಗಳಿಗೆ ಚುಚ್ಚುಮದ್ದು ಹಾಕಿದ ಹಳ್ಳಿಯಲ್ಲಿ ನಿಂತು ನಿಮ್ಮಪ್ಪ "ಇದು ಯಾವೂರು?" ಎಂದು ಕೇಳಿದರಂತೆ. ಅದು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರಲಿಲ್ಲ. ಡಾಕ್ಟರ್ ಚೋಲ್ಪೋನ್ ಎಂಬ ಹೆಂಗಸು, ಮೆದು ಮಾತು. ರಕ್ತ ತೆಗೆದು ಹೊರದೇಶದ ಲ್ಯಾಬಿಗೆ ಕಳಿಸಿದರು. ನಿಮ್ಮಪ್ಪ ತೋಳು ಚಾಚಿ, "ಎಷ್ಟು ಪ್ರಾಣಿಗಳ ರಕ್ತ ತೆಗೆದಿದ್ದೀನಿ ತಾಯಿ, ಒಂದೂ ನನ್ನ ಹಾಗೆ ಒದೆಯದೆ ಕೂತಿರಲಿಲ್ಲ" ಎಂದು ಅವರನ್ನು ನಗಿಸಿದರು.

ವರದಿ ಬಂದ ದಿನ ಯಾರೂ ನಗಲಿಲ್ಲ. ಮಿದುಳು ಕೆಡುತ್ತಿರುವಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್ ಇದೆಯಂತೆ; ಅವರಲ್ಲಿ ಅದು ಬಹಳ ಏರಿದೆ. ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲ ಸೇರಿಸಿ ನೋಡಿ ಡಾಕ್ಟರ್ ಕಾಯಿಲೆಯ ಹೆಸರು ಹೇಳಿದರು: ಅಲ್ಝೈಮರ್. ಸಾಲದ್ದಕ್ಕೆ, ಲೆಕ್ಕಕ್ಕೇ ತೆಗೆದುಕೊಳ್ಳದ ಬಿ.ಪಿ.ಯಿಂದ ಮಿದುಳಿನ ಸಣ್ಣ ರಕ್ತನಾಳಗಳೂ ಹಾಳಾಗಿವೆ.

"ಮೊದಲನೆಯದನ್ನು ವಾಸಿ ಮಾಡೋಕೆ ನನ್ನ ಕೈಲಾಗಲ್ಲ ಅಕ್ಕ. ಆದರೆ ರಕ್ತನಾಳಗಳನ್ನ ಕಾಪಾಡಿಕೊಂಡರೆ ಒಳ್ಳೆಯ ದಿನಗಳು ಇನ್ನಷ್ಟು ಸಿಗಬಹುದು. ಉಪ್ಪು ಕಡಿಮೆ ಮಾಡಿ, ಸಿಗರೇಟು ಬಿಡಿಸಿ, ದಿನಾ ನಡೆಸಿ. ಬಿ.ಪಿ. ಏರೋಕೆ ಬಿಡಬೇಡಿ" ಅಂದರು.

ನಾನು ಮೊದಲು ಕೇಳಿದ್ದು ನಿನ್ನ ಬಗ್ಗೆ. "ಅಪ್ಪನಿಗೆ ಬಂತು ಅಂತ ಮಗಳಿಗೂ ಬಂದೇ ಬರುತ್ತೆ ಅಂತೇನಿಲ್ಲ" ಅಂದರು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ. ಸದಾ ಉಪ್ಪು ಹಾಕಿ ಕುಡಿಯುವ ಹಾಲು ಚಹಾವನ್ನು ಮಾರನೆಯ ದಿನವೇ ಉಪ್ಪಿಲ್ಲದೆ ಮಾಡಿದೆ. "ಏ ಮುದುಕಿ, ಇದೇನು ಪಾತ್ರೆ ತೊಳೆದ ನೀರಾ?" ಅಂದರು ನಿಮ್ಮಪ್ಪ. ಬೈಯುತ್ತಲೇ ಕುಡಿದರು.

ಈಗ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಮದುವೆಯ ದಿನ ಗೊತ್ತುಮಾಡಲು ಎಲ್ಡಾರ್‌ನ ತಾಯಿ, ನಿನಗೆ ಅತ್ತೆಯಾಗಬೇಕಾದ ಸೈರಾ, ತಮ್ಮ ಮೈದುನನ ಜೊತೆ ಬಂದಿದ್ದರು. "ಅವರೆದುರು ಕಾಯಿಲೆ ಮಾತು ಎತ್ತಬೇಡಿ" ಎಂದು ನಿಮ್ಮಪ್ಪನಿಗೆ ಮೊದಲೇ ಹೇಳಿದ್ದೆ. ತಲೆಯಾಡಿಸಿದ್ದರು. ಮಾಂಸ ಬಡಿಸಿ ಆಗಿತ್ತು, ಎಲ್ಲರೂ ನಗುನಗುತ್ತಾ ಮಾತಾಡುತ್ತಿದ್ದೆವು. ಇದ್ದಕ್ಕಿದ್ದಂತೆ ನಿಮ್ಮಪ್ಪ, "ಬೀಗಿತ್ತಿ, ರಕ್ತ ನೋಡದೆ ಒಂದು ಕುರೀನೂ ಸಂತೆಗೆ ಬಿಟ್ಟವನಲ್ಲ ನಾನು. ಸ್ವಂತ ಮನೆ ವಿಷಯ ಮುಚ್ಚಿಡಲಾ? ನನ್ನ ರಕ್ತ ನೋಡಿದ್ದಾರೆ. ಮರೆವಿನ ಕಾಯಿಲೆ. ಮದುವೇಲಿ ನಿಮ್ಮ ಹೆಸರು ಮರೆತರೆ ಬೇಜಾರು ಮಾಡ್ಕೋಬೇಡಿ" ಅಂದುಬಿಟ್ಟರು.

ಸೈರಾ ಚಹಾದ ಬೋಗುಣಿ ಕೆಳಗಿಟ್ಟರು. "ನಿಮ್ಮ ತಂದೆಯವರಿಗೂ ಇತ್ತಾ?"

"ಇತ್ತೇನೋ. ಆಗೆಲ್ಲ ವಯಸ್ಸಾಯ್ತು ಅಂತಿದ್ವಿ, ಅಷ್ಟೆ."

ಡಾಕ್ಟರ್ ಹೇಳಿದ್ದನ್ನೆಲ್ಲ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಸೈರಾ ಪೂರ್ತಿ ಕೇಳಿಸಿಕೊಂಡರು. "ಡಾಕ್ಟರು ಹೇಳಿ ಹೋಗ್ತಾರೆ ಅಕ್ಕ. ನಾಳೆ ಮೊಮ್ಮಕ್ಕಳನ್ನ ಸಾಕಬೇಕಾದವರು ನಾವು" ಅಂದರು. ಕೋಟು ಹಾಕಿಕೊಳ್ಳುವಾಗ ನನ್ನನ್ನು ಅಪ್ಪಿಕೊಂಡರು, ಪಾಪ. ಆ ಅಪ್ಪುಗೆಯಲ್ಲೇ ನನಗೆ ಗೊತ್ತಾಯಿತು.

ಆಮೇಲೆ ಆ ಮೈದುನ ಫೋನ್ ಮಾಡಿದ. "ನಿಶ್ಚಿತಾರ್ಥಕ್ಕೆ ಹುಡುಗಿ ಕಿವಿಗೆ ಹಾಕಿದ ಓಲೆ ವಾಪಸ್ ಕೊಡಿ ಅಂತ ನಾನು ಹೇಳ್ತಿಲ್ಲ ಅಕ್ಕ. ಈ ವರ್ಷ ಮದುವೆ ಬೇಡ ಅಂತ ಮನೇಲಿ ಮಾತಾಡ್ಕೊಂಡ್ವಿ." ಮುಂದಿನ ವರ್ಷ ಅನ್ನೋ ಮಾತು ಅವನ ಬಾಯಿಂದ ಬರಲಿಲ್ಲ.

ಎಲ್ಡಾರ್ ನಿನಗೆ ಏನು ಹೇಳಿದ್ದಾನೋ, ಏನು ಮುಚ್ಚಿಟ್ಟಿದ್ದಾನೋ ನಾನರಿಯೆ. ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳು. ಅವನ ತಾಯಿಯ ಉತ್ತರ ಸಿಕ್ಕಿದೆ, ಅವನದು ಬೇಕು. ಓಲೆ ಬಿಚ್ಚಬೇಕೋ ಬೇಡವೋ ನೀನೇ ನಿರ್ಧರಿಸು. ಬಿಚ್ಚಿದರೂ ತಲೆ ತಗ್ಗಿಸಿ ಕೊಡಬೇಡ. ಅಪ್ಪನ ಮೇಲೆ ಕೋಪ ಬಂದರೆ ಬರಲಿ, ನನಗೂ ಬಂತು. ಆದರೆ ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಹೊಟ್ಟೆ ತುಂಬ ಊಟ ಮಾಡು. ನೀನೂ ಬಿ.ಪಿ. ನೋಡಿಸಿಕೊ. ದೇವರು ನಿನ್ನ ಮುಂದೆ ಬೆಳ್ಳನೆಯ ದಾರಿ ಹಾಸಲಿ.

ನಿನ್ನ ಅಮ್ಮ,
ಉಲ್ಕಾನ್

ಮರೆತಿದ್ದೆ: ಮದುವೆ ನಿಂತಿತೆಂದು ನಿಮ್ಮಪ್ಪನಿಗೆ ಹೇಳಿದೆ. ಮಗುವಿನಂತೆ ಅತ್ತರು, "ನನ್ನಿಂದ ಆಯ್ತಾ?" ಎಂದು ಕೇಳಿದರು. ಬೆಳಗಾದರೆ ಎಲ್ಲ ಮರೆತು, "ಬೀಗರು ದಿನ ಗೊತ್ತುಮಾಡಿದ್ರಾ?" ಅಂದರು. ಮತ್ತೆ ಹೇಳಿದೆ, ಮೊದಲ ಸಲ ಕೇಳಿದವರಂತೆ ಮತ್ತೆ ಅಷ್ಟೇ ಅತ್ತರು. ಬಿ.ಪಿ. ಎಷ್ಟು ಏರಿತ್ತೆಂದರೆ ಆಂಬುಲೆನ್ಸ್ ಕರೆಸಬೇಕಾಯಿತು. ಇನ್ನೊಮ್ಮೆ ಹೇಳಲು ನನ್ನಿಂದಾಗಲಿಲ್ಲ, ಕಂದ. ಈಗ ಪ್ರತಿ ದಿನ ಬೆಳಿಗ್ಗೆ "ಶರತ್ಕಾಲಕ್ಕೆ ಅಂತೆ" ಅನ್ನುತ್ತೇನೆ. ಅವರು ಖುಷಿಯಿಂದ ಗಡ್ಡ ಬೋಳಿಸಿಕೊಳ್ಳುತ್ತಾರೆ. ನೀನು ಊರಿಗೆ ಬಂದಾಗ ನಿನ್ನನ್ನೂ ಕೇಳುತ್ತಾರೆ. ಹಾಗೇ ಹೇಳು.