ಕುಂಟು ಮೇಜಿನ ಮೇಲಿಂದ

ಶುಕ್ರವಾರ, ಬೆಳಗ್ಗೆ
ಬೆಟ್ಟದ ಮೇಲಿನ ತಂಗುಮನೆಯಿಂದ

ನನ್ನ ಮುದ್ದು ಅತ್ತೆಗೆ ಹೊಚ್ಚ ಹೊಸ ಸೊಸೆಯಿಂದ ರಾಶಿ ರಾಶಿ ಮುತ್ತುಗಳು!

ಸಾಲುಗಳು ಸೊಟ್ಟಗಿವೆ ಎಂದು ನಗಬೇಡಿ. ಈ ಕೋಣೆಯ ಮೇಜಿಗೆ ಒಂದು ಕಾಲು ಮೋಟು. ಜೊತೆಗೆ ನಾನು ಇಂಗ್ಲಿಷ್ ಶಾಲೆಯವಳು, ಕನ್ನಡದಲ್ಲಿ ಇಷ್ಟುದ್ದ ಪತ್ರ ಬರೆಯುತ್ತಿರುವುದು ಇದೇ ಮೊದಲು.

ಇಲ್ಲಿನ ಬೆಟ್ಟಗಳನ್ನು ನೋಡಿದರೆ ನೀವು ಮಂಡಿನೋವು ಮರೆತು ಕುಣಿಯುತ್ತೀರಿ! ಕಿಟಕಿ ತೆರೆದರೆ ಹಿಮ ನೇರವಾಗಿ ಹಾಸಿಗೆಗೇ ಬರುತ್ತದೆ. ನಿಮ್ಮ ಮಗನಂತೂ ಬಂದಾಗಿನಿಂದ ನನ್ನನ್ನು ನಗಿಸಿ ನಗಿಸಿ ಸುಸ್ತು ಮಾಡಿದ್ದಾರೆ. ಹತ್ತುವಾಗ ಕುಡುಕನ ಹಾಗೆ ತೂರಾಡಿದರು; ಹೊಟ್ಟೆ ಹಿಡಿದುಕೊಂಡು ನಕ್ಕೆ. ತಮ್ಮ ಊಟವನ್ನೆಲ್ಲ ನನ್ನ ತಟ್ಟೆಗೆ ಸುರಿದರು. ಎಂಥ ಪ್ರೀತಿ ಎಂದು ನಾಚಿಕೊಂಡೆ. ಮೊನ್ನೆ ನನ್ನನ್ನೇ ದಿಟ್ಟಿಸಿ, 'ಮೇಡಂ, ನೀವು ಯಾವ ಆಫೀಸಿನವರು?' ಎಂದು ಕೇಳಿದರು. 'ನಿಮ್ಮ ಹೆಂಡತಿ ಆಫೀಸಿನವಳು' ಎಂದು ಉತ್ತರ ಬೇರೆ ಕೊಟ್ಟೆ. ಅವರು ನಗಲಿಲ್ಲ. ನಾನೊಬ್ಬಳೇ ನಕ್ಕೆ, ಅತ್ತೆ.

ನಿನ್ನೆ ತಂಗುಮನೆಯ ಒಡತಿ ಬಾಗಿಲಲ್ಲಿ ನಿಂತು, 'ಏನಮ್ಮಾ, ಮದುವೆಯಾಗಿ ತಿಂಗಳಾಗಿಲ್ಲ, ಆಗ್ಲೇ ಗಂಡನಿಗೆ ಕುಡಿಯೋದು ಕಲಿಸಿಬಿಟ್ಯಾ?' ಎಂದು ಗೇಲಿ ಮಾಡಿದಳು. ಹೇಸರಗತ್ತೆಯ ಮೇಲೆ ಸಾಮಾನು ಹೊರಿಸಿ ತರುವ ಅವಳ ಅಣ್ಣ ಮಾತ್ರ ಇವರನ್ನು ಎಬ್ಬಿಸಿ, ನೆಲದ ಹಲಗೆಯ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಡೆಯಲು ಹೇಳಿದ. ಇವರು ಗೋಡೆಗೆ ಹೋಗಿ ಬಿದ್ದರು. ಇದು ಎತ್ತರದ ಕಾಯಿಲೆ, ತಲೆಗೇರಿದೆ, ಕೆಳಗಿಳಿಸಿದರೆ ಉಳಿಯುತ್ತಾರೆ, ಇಲ್ಲೇ ಇದ್ದರೆ ಇಲ್ಲ ಎಂದ.

ಯಾಕೆ ಮೊದಲೇ ಹೇಳಲಿಲ್ಲ ಎಂದು ಭುಜ ಹಿಡಿದು ಅಲುಗಾಡಿಸಿದೆ. ಇವರು ಏನೆಂದರು ಗೊತ್ತೇ? 'ನೀನು ಅಷ್ಟು ಖುಷಿಯಾಗಿದ್ದೆ... ಅಮ್ಮನ ಮುಂದೆ ಈ ಆಟ ನಡೆಯಲ್ಲ. ನಾನು ಜೋಕ್ ಹೊಡೆದ್ರೆ ಸಾಕು, ಥರ್ಮಾಮೀಟರ್ ತಂದುಬಿಡ್ತಾಳೆ.'

ಇದನ್ನು ನನಗೆ ಯಾಕೆ ಹೇಳಿ ಕಳಿಸಲಿಲ್ಲ, ಅತ್ತೆ? ಕಾಫಿಗೆ ಎಷ್ಟು ಸಕ್ಕರೆ, ಯಾವ ಮಗ್ಗುಲಿಗೆ ಮಲಗುತ್ತಾರೆ, ಕಾಲರ್ ಎಷ್ಟು ಗಟ್ಟಿಯಾಗಿರಬೇಕು, ಎಲ್ಲ ಹೇಳಿದಿರಿ. ಬೈಯುತ್ತಿಲ್ಲ. ಇವರ ಚೆನ್ನಾಗಿರುವ ಮುಖವೇ ನನಗಿನ್ನೂ ಬಾಯಿಪಾಠವಾಗಿಲ್ಲ. ಕಾಯಿಲೆಯ ಮುಖವನ್ನು ಹೇಗೆ ಗುರುತು ಹಿಡಿಯಲಿ?

ಹೇಸರಗತ್ತೆ ಇರುವುದು ಒಂದೇ, ಹೊರುವುದು ಒಬ್ಬರನ್ನೇ. ಹಿಮ ಬೀಳುವ ಮೊದಲು ಇಳಿಯಬೇಕು, ಅದರ ವೇಗಕ್ಕೆ ನಾನು ನಡೆಯಲಾರೆನಂತೆ. ಈಗ ಅಂಗಳದಲ್ಲಿ ಇವರನ್ನು ಕಂಬಳಿ ಸಮೇತ ಅದರ ಬೆನ್ನಿಗೆ ಕಟ್ಟುತ್ತಿದ್ದಾರೆ. ನನ್ನನ್ನು ಬಿಟ್ಟು ಇಳಿಯುವುದಿಲ್ಲ ಎಂದು ಮಗುವಿನ ಹಾಗೆ ಹಟ ಹಿಡಿದರು. 'ಹಿಂದೇನೇ ನಡ್ಕೊಂಡು ಬರ್ತೀನಿ, ತಿರುಗಿ ಮಾತ್ರ ನೋಡಬೇಡಿ, ಬಿದ್ದೀರಿ' ಎಂದೆ. ನಂಬಿಬಿಟ್ಟರು. ಮದುವೆಯಾದ ಮೇಲೆ ನಾನು ಹೇಳಿದ ಮೊದಲ ಸುಳ್ಳು.

ಒಡತಿಯ ಅಣ್ಣ ಇವರನ್ನು ಇಳಿಸಿ, ನನಗಾಗಿ ಮತ್ತೆ ಬರುತ್ತಾನಂತೆ, ಹಿಮ ದಾರಿ ಮುಚ್ಚದಿದ್ದರೆ. ಆಕಾಶ ಬೂದಿಯ ಬಣ್ಣಕ್ಕೆ ತಿರುಗಿದೆ. ಅವನು ನನ್ನನ್ನೂ ಗೆರೆಯ ಮೇಲೆ ನಡೆಸಿದ. ಕೆಂಪು ಶಾಲು ಹೊದ್ದು ರಾಣಿಯ ಹಾಗೆ ನಡೆದು, ಕೊನೆಯಲ್ಲಿ ತಲೆಬಾಗಿಸಿ ನಿಂತೆ. ಒಡತಿ ಚಪ್ಪಾಳೆ ತಟ್ಟಿದಳು.

ಈ ಪತ್ರ ಇವರ ಕೋಟಿನ ಒಳಜೇಬಿನಲ್ಲಿ ಬರುತ್ತಿದೆ. ತಲೆ ತಿಳಿಯಾದ ಮೇಲೆ ಅವಳೆಲ್ಲಿ ಎಂದು ಕೇಳಿದರೆ, ಹಿಂದೆಯೇ ಬರುತ್ತಿದ್ದಾಳೆ ಎನ್ನಿ. ಪೂರ್ತಿ ಗಟ್ಟಿಯಾಗುವವರೆಗೂ ಹಾಗೆಯೇ ಹೇಳುತ್ತಿರಿ. ನಿಮ್ಮ ಮಗನನ್ನು ನಿಮಗೆ ವಾಪಸು ಕಳಿಸುತ್ತಿದ್ದೇನೆ, ಜೋಪಾನ.

ನಿಮ್ಮ ತಲೆಹರಟೆ
ಸೊಸೆ

ಮತ್ತೆ: ಉದ್ದಕ್ಕೂ ಎಷ್ಟೊಂದು ತಮಾಷೆ ಮಾಡಿದ್ದೇನೆ, ನೋಡಿದಿರಾ? ನೀವಿಲ್ಲಿದ್ದರೆ ಮೊದಲ ಸಾಲಿಗೇ ಥರ್ಮಾಮೀಟರ್ ತರುತ್ತಿದ್ದಿರಿ. ಗೆರೆಯ ಮೇಲೆ ನಡೆಯುವಾಗ ಶಾಲಿನ ಮರೆಯಲ್ಲಿ ಮಂಚದ ಅಂಚು ಹಿಡಿದಿದ್ದೆ. ಗೊತ್ತಾಗಿದ್ದರೆ ಇವರು ಹೇಸರಗತ್ತೆ ಹತ್ತುತ್ತಲೇ ಇರಲಿಲ್ಲ. ಮೇಜಿನ ನಾಲ್ಕೂ ಕಾಲು ಸರಿಯಾಗಿವೆ, ಅತ್ತೆ.