ಕೆಂಪು ಕೊಡೆಯನ್ನು ಕೇಳಿ ಬಂದವರು ಯಾರು?

ಒಳಹಟ್ಟಿ,
ಕ್ರಿ.ಶ. ೨೨೪೭, ಎರಡನೆಯ ವೈಶಾಖದ ನಲವತ್ತೊಂದನೆಯ ದಿನ.

ಚಿತ್ರಕಾಲದ ಮಾನ್ಯ ಹಿರಿಯರಲ್ಲಿ ವಿಜ್ಞಾಪನೆ.

ನಮ್ಮ ನೋಟದ ಮನೆಯ ಕಾರ್ಯದರ್ಶಿಗಳಾದ ಶ್ರೀ ತಿರಕಪ್ಪನವರು ಕಳೆದ ತಿಂಗಳು ನಿಮಗೆ ಕಳುಹಿಸಿದ ವಾರ್ಷಿಕ ಕೃತಜ್ಞತಾ ಪತ್ರದಲ್ಲಿ, “ದನಿಗಾರ್ತಿ ಹಂಪವ್ವ ಕಡೆಯ ಕಂತಿನ ನಡುವೆ ಮಾತು ಮರೆತು ನಿಂತದ್ದರಿಂದ ಪ್ರೇಕ್ಷಕರೆಲ್ಲ ಬೇಸತ್ತು ಎದ್ದುಹೋದರು” ಎಂದು ಬರೆದಿದ್ದಾರೆ. ಇದು ತಪ್ಪು. ಹಂಪವ್ವ ಮಾತು ಮರೆಯಲಿಲ್ಲ. ಪ್ರೇಕ್ಷಕರು ಎದ್ದುಹೋಗಲಿಲ್ಲ. ಅಂದು ತೋರಿಸಿದ್ದು ಕಡೆಯ ಕಂತೇ ಆಗಿರಲಿಲ್ಲವೆಂಬುದು ನನ್ನ ಬಲವಾದ ಸಂದೇಹ. ಒಂದೇ ವಾಕ್ಯದಲ್ಲಿ ಮೂರು ತಪ್ಪು ಮಾಡಿದವರನ್ನು ನಾನು ನನ್ನ ವೃತ್ತಿಯ ಕಾಲದಲ್ಲಿ ಎಂದೂ ಮುಂದಿನ ತರಗತಿಗೆ ಕಳುಹಿಸಿದವಳಲ್ಲ. ಕಾರ್ಯದರ್ಶಿಗಳೆಂಬ ಕಾರಣಕ್ಕೆ ಈಗಲೂ ಕಳುಹಿಸಲಾರೆ.

ತಾರೀಖನ್ನು ಕಂಡು ನೀವು ಗಾಬರಿಯಾಗಿರಬಹುದು. ನಿಮ್ಮ ಕಾಲದ ಬೇಸಿಗೆ ಎರಡು ತಿಂಗಳಲ್ಲಿ ಮುಗಿಯುತ್ತಿತ್ತಂತೆ. ನಮ್ಮದು ಮುಗಿಯುವುದಿಲ್ಲವಾದ್ದರಿಂದ ವೈಶಾಖವನ್ನು ಎರಡು ಮಾಡಿ, ಒಂದೊಂದನ್ನೂ ಎಳೆದು ಉದ್ದ ಮಾಡಿದ್ದಾರೆ. ಆ ಬಿಸಿಲಿಗೆ ಹೆದರಿಯೇ ನಮ್ಮ ಮುತ್ತಜ್ಜಂದಿರು ರಾಯಚೂರು ಸೀಮೆಯ ಹಟ್ಟಿಯ ಹಳೆಯ ಚಿನ್ನದ ಗಣಿಸುರಂಗಗಳಿಗೆ ಇಳಿದು ಈ ಊರನ್ನು ಕಟ್ಟಿದರು. ಪತ್ರದಲ್ಲಿ ನಿಮಗೆ ಅಪರಿಚಿತವಾದ ಕೆಲವು ಪದಗಳು ಬರುತ್ತವೆ, ಕ್ಷಮೆಯಿರಲಿ. ಅವು ಅಶುದ್ಧವಲ್ಲ, ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿರಲಿಲ್ಲ, ಅಷ್ಟೆ. ನೀವು ಅನಿಮೆ ಎನ್ನುತ್ತಿದ್ದುದನ್ನು ನಾವು ಗೆರೆಯಾಟ ಎನ್ನುತ್ತೇವೆ. ಹಿಂದಿನವರಿಗೆ ಬರೆದ ಪತ್ರಗಳನ್ನು ಸಾಗಿಸುವ ವ್ಯವಸ್ಥೆಗೆ ಹಿಂದಂಚೆ ಎಂದು ಹೆಸರು. ಅದರ ಗುಮಾಸ್ತರು ಪತ್ರ ಖಂಡಿತ ತಲುಪುತ್ತದೆ ಎನ್ನುತ್ತಾರೆ. ಇದುವರೆಗೆ ಒಂದು ಉತ್ತರವೂ ಬಂದಿಲ್ಲವಲ್ಲ ಎಂದರೆ, ನಿಮಗೆ ಪುರಸೊತ್ತಿರಲಿಲ್ಲ ಎಂದು ವಾದಿಸುತ್ತಾರೆ. ನಾನು ಅವರನ್ನೂ ಪೂರ್ತಿ ನಂಬಿದವಳಲ್ಲ.

ನಾನು ಗೆರೆಯಾಟದ ಪಂಡಿತೆಯಲ್ಲ. ಶುಕ್ರವಾರ ಸಂಜೆ ಬಿಡುವಿದ್ದರೆ ಅಣಬೆ ಹಪ್ಪಳ ಕಟ್ಟಿಕೊಂಡು ಹೋಗಿ, ನೋಟದ ಮನೆಯ ಮೂರನೆಯ ಮೆಟ್ಟಿಲ ಮೇಲೆ ಕೂರುವವಳು. ನಡುವೆ ತೂಕಡಿಸಿದ್ದೂ ಉಂಟು. ಆದರೂ ಅಭಿಪ್ರಾಯಗಳಿಗೆ ಕೊರತೆಯಿಲ್ಲ. ನೀವು ಉಳಿಸಿಹೋದ ಸರಣಿಗಳ ಮೂಲ ಹೆಸರುಗಳೂ ದನಿಯೂ ಅಳಿಸಿಹೋಗಿವೆ. ಊರಿನವರು ಇಟ್ಟ ಹೆಸರುಗಳಿಂದಲೇ ಹೇಳುತ್ತೇನೆ. ‘ಕೂಗುಕತ್ತಿ’ ಎಂಬುದರಲ್ಲಿ ಒಬ್ಬ ಯುವಕ ಪ್ರತಿ ಹೊಡೆತದ ಮೊದಲು ಆ ಹೊಡೆತದ ಹೆಸರನ್ನು ಗಟ್ಟಿಯಾಗಿ ಕೂಗುತ್ತಾನೆ. ಶತ್ರು ಅದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಪೆಟ್ಟು ತಿನ್ನುತ್ತಾನೆ. ಇಷ್ಟು ವಿಧೇಯನಾದ ಶತ್ರುವನ್ನು ನಾನು ನಂಬುವುದಿಲ್ಲ. ಅವರಿಬ್ಬರೂ ಒಳಗೊಳಗೇ ಒಪ್ಪಂದ ಮಾಡಿಕೊಂಡಿರಬೇಕು. ‘ಉಕ್ಕಿನ ಮಕ್ಕಳು’ ಸರಣಿಯಲ್ಲಿ ಬೆಟ್ಟದಷ್ಟೆತ್ತರದ ಯಂತ್ರಗಳನ್ನು ಹದಿನಾಲ್ಕರ ಮಕ್ಕಳ ಕೈಗೆ ಕೊಟ್ಟು ಯುದ್ಧಕ್ಕೆ ಕಳುಹಿಸುತ್ತಾರೆ. ಹಿರಿಯರು ಗಾಜಿನ ಕೋಣೆಯಲ್ಲಿ ಕೂತು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಆ ಕನ್ನಡಕ ಹೊಳೆಯುತ್ತದೆಯೇ ಹೊರತು ಹಿಂದಿನ ಕಣ್ಣು ಕಾಣುವುದಿಲ್ಲ. ಅಂಥ ಒಬ್ಬ ಪೋಷಕನನ್ನು ನಾನು ಶಾಲೆಗೆ ಕರೆಸಿ ಮಾತಾಡಿಸದೆ ಬಿಡುತ್ತಿರಲಿಲ್ಲ. ‘ದೆವ್ವದ ಖಾನಾವಳಿ’ ಮಾತ್ರ ಚೆನ್ನಾಗಿದೆ. ಸತ್ತವರು ಬಂದು ಬಿಸಿ ಗಂಜಿ ಕುಡಿದು ಹೋಗುತ್ತಾರೆ, ಹಬೆಯನ್ನು ಬರೆದವರಿಗೆ ಕೈ ಮುಗಿಯಬೇಕು. ಆದರೆ ಅಲ್ಲಿಯೂ ಅಡುಗೆಯವನು ಪಾತ್ರೆ ತೊಳೆಯುವುದನ್ನು ಒಮ್ಮೆಯೂ ತೋರಿಸಲಿಲ್ಲ. ಇಷ್ಟು ಪಾತ್ರೆ ಯಾರು ತೊಳೆದರು?

ಇವೆಲ್ಲಕ್ಕಿಂತ ಊರಿಗೆ ಪ್ರಿಯವಾದದ್ದು ‘ಕೊಡೆ ಅಂಗಡಿಯ ಹುಡುಗಿ’. ಕಡಲ ದಂಡೆಯ ಒಂದು ಪೇಟೆ, ಸದಾ ಮಳೆ. ಮುರಿದ ಕೊಡೆಗಳನ್ನು ರಿಪೇರಿ ಮಾಡುವ ಹುಡುಗಿಯೊಬ್ಬಳು ಅಂಗಡಿಯಲ್ಲಿ ಒಬ್ಬಳೇ ಕೂತಿರುತ್ತಾಳೆ. ಬಂದವರು ಒಂದು ಕೊಡೆ, ಒಂದು ಕಥೆ ಬಿಟ್ಟುಹೋಗುತ್ತಾರೆ. ಗೋಡೆಯ ಮೇಲೊಂದು ಕೆಂಪು ಕೊಡೆ ಮೊದಲ ಕಂತಿನಿಂದಲೂ ತೂಗುತ್ತಿದೆ. ಅದು ಯಾರದು, ಯಾರು ಕೇಳಿ ಬರುತ್ತಾರೆ ಎಂಬುದು ಕಡೆಯ ಕಂತಿನಲ್ಲಿ ತಿಳಿಯಬೇಕು. ಆ ಕಂತೇ ಕಳೆದುಹೋಗಿದೆ. ಮಳೆಯನ್ನೇ ಕಾಣದ ನಮ್ಮ ಜನ ಈ ಕೊಡೆಯ ವಿಷಯದಲ್ಲಿ ಮದುವೆ ಮನೆಯಲ್ಲೂ ಜಗಳವಾಡಿದ್ದಾರೆ.

ಗೆರೆಯಾಟದ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು, ಪರದೆಯ ಪಕ್ಕದ ಮಣೆಯ ಮೇಲೆ ಕೂತು, ಎಲ್ಲ ಪಾತ್ರಗಳ ಮಾತನ್ನೂ ಅಲ್ಲೇ ಆಗಲೇ ನಮ್ಮ ಮಾತಿನಲ್ಲಿ ಆಡುವವಳೇ ದನಿಗಾರ್ತಿ. ಹಂಪವ್ವ ಹನ್ನೊಂದು ವರ್ಷದಿಂದ ಆ ಮಣೆಯ ಮೇಲಿದ್ದಾಳೆ. ಗ್ರಾಂಥಿಕ ಭಾಷೆ ಬಳಸಮ್ಮ ಎಂದು ನಾನು ಹಲವು ಸಲ ತಿದ್ದಿದ್ದೇನೆ. “ಅಕ್ಕೋರ, ಆ ಹುಡುಗಿ ಕೊಡಿ ರಿಪೇರಿ ಮಾಡ್ತಾಳ್ರೀ, ಪುರಾಣ ಹೇಳಂಗಿಲ್ಲ” ಎಂದು ನಗುತ್ತಾಳೆ. ಅಂಗಡಿಗೆ ಯಾರೇ ಬರಲಿ, ಅವಳ ಬಾಯಲ್ಲಿ ಹುಡುಗಿ ಹೇಳುವುದು ಒಂದೇ: “ಬರ್ರೀ, ಬರ್ರೀ, ಭಾಳ ತೊಯ್ದೀರಿ.” ಈ ಮಾತು ಈಗ ಊರಿನ ಪ್ರತಿ ಹೊಸ್ತಿಲಲ್ಲೂ ಕೇಳುತ್ತದೆ, ಒಬ್ಬರೂ ತೊಯ್ದಿರದಿದ್ದರೂ.

ಇನ್ನು ಯಂತ್ರದ ವಿಷಯ. ಚಿತ್ರದಲ್ಲಿ ಎಲ್ಲಾದರೂ ಹರಿದು ತೂತಾಗಿದ್ದರೆ ಆ ಭಾಗವನ್ನು ತುಂಬುಯಂತ್ರ, ನೋಟದ ಮನೆಯಲ್ಲಿ ಕಂಡು ಕೇಳಿ ಕಲಿತದ್ದರಿಂದ, ತಾನೇ ಬರೆದು ಸೇರಿಸುತ್ತದೆ. ಹಾಗೆ ಬರೆದಾಗಲೆಲ್ಲ ಪರದೆಯ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ ಕಾಣಬೇಕೆಂಬುದು ನಮ್ಮ ಊರ ಹಿರಿಯರು ಮಾಡಿದ ಕಟ್ಟಳೆ. ನಿಮ್ಮದು ಯಾವುದು, ಯಂತ್ರದ್ದು ಯಾವುದು ಎಂಬುದು ಮಕ್ಕಳಿಗೂ ತಿಳಿಯಬೇಕಲ್ಲವೇ?

ಆ ಶುಕ್ರವಾರ ತಿರಕಪ್ಪನವರು ಎದ್ದು ನಿಂತು, ಕಡೆಯ ಕಂತು ಸಿಕ್ಕಿತೆಂದು ಘೋಷಿಸಿದರು. ಎಲ್ಲಿ ಸಿಕ್ಕಿತೆಂದು ಕೇಳಿದೆ. “ಸಿಕ್ಕೈತ್ರೀ ಅಕ್ಕೋರ, ಸಿಕ್ಕಿದ್ದನ್ನ ನೋಡ್ರಲ್ಲ” ಎಂದರು. ಇದು ಉತ್ತರವಲ್ಲ. ಮೂಲೆಯನ್ನು ನೋಡಿದೆ, ಚುಕ್ಕೆಯಿರಲಿಲ್ಲ. ಚಿತ್ರ ಶುರುವಾಯಿತು. ಮಳೆ, ಅಂಗಡಿ, ಕೆಂಪು ಕೊಡೆ ಎಲ್ಲವೂ ಇದ್ದವು. ಬಾಗಿಲು ಸರಿಯಿತು. ಹುಡುಗಿ ತಲೆಯೆತ್ತಿ ಮಾತಾಡಿದಳು. ಆ ಕ್ಷಣ ನನಗೆ ಸಂತೋಷವಾಯಿತು, ಮರುಕ್ಷಣ ಅವಳ ಬಾಯನ್ನು ನೋಡಿದೆ.

ನಿಮ್ಮ ಗೆರೆಯಾಟದವರಿಗೆ ಬಾಯಿ ಮೂರೇ ಬಗೆ: ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು. ಮಾತು ಯಾವುದಾದರೂ ಆಗಲಿ, ಬಾಯಿ ಕೋಳಿಯ ಕೊಕ್ಕಿನ ಹಾಗೆ ಬಡಿದುಕೊಳ್ಳುತ್ತದೆ. ಅದು ಸೋಮಾರಿತನವೆಂದು ನಾನು ಎಷ್ಟೋ ಸಲ ಟೀಕಿಸಿದ್ದೇನೆ. ಅಂದು ಆ ಹುಡುಗಿಯ ತುಟಿಗಳು ‘ಬ’ಕಾರಕ್ಕೆ ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ‘ಪ ಫ ಬ ಭ ಮ’ಗಳಿಗೆ ತುಟಿ ಸೇರಿಸಿರೆಂದು ಒಂದನೆಯ ತರಗತಿಗೆ ಬೆತ್ತ ಹಿಡಿದು ಕಲಿಸಿದವಳು ನಾನು, ನನಗೆ ಕಾಣದೆ ಹೋದೀತೇ? ಅವಳು ‘ಬರ್ರೀ, ಬರ್ರೀ, ಭಾಳ ತೊಯ್ದೀರಿ’ ಎನ್ನುತ್ತಿದ್ದಳು. ಇನ್ನೂರು ವರ್ಷಗಳ ಹಿಂದೆ ಜಪಾನಿನವರು ಬರೆದ ಹುಡುಗಿ ನಮ್ಮ ಹಂಪವ್ವನ ಮಾತನ್ನು ಹಂಪವ್ವನಿಗಿಂತ ಮೊದಲೇ ಆಡುತ್ತಿದ್ದಳು.

ಹಂಪವ್ವ ಬಾಯಿ ತೆರೆದವಳು ಹಾಗೆಯೇ ಮಣೆಯಿಂದ ಎದ್ದು ನಿಂತಳು. ಆಮೇಲೆ ನನ್ನತ್ತ ತಿರುಗಿ, “ಅಕ್ಕೋರ, ಈಕಿ ನನ್ನ ಮಾತು ಕಲ್ತಾಳಲ್ರೀ. ಇನ್ನ ನಾ ಯಾಕ ಬೇಕು?” ಎಂದಳು. ಯಾರೋ ಹಿಂದಿನಿಂದ, “ಚಲೋ ಶಿಷ್ಯಳ್ನ ತಯಾರ್ ಮಾಡೀದಿ ಬಿಡಬೇ” ಎಂದು ಚೇಷ್ಟೆ ಮಾಡಿದರು. ಒಬ್ಬಿಬ್ಬರು ನಕ್ಕರು, ಅವಳು ನಗಲಿಲ್ಲ. “ಸುಮ್ನ ಕೂಡ್ರೀ, ಮುಗಿಯಾಕ ಬಂತು” ಎಂದು ತಿರಕಪ್ಪನವರು ಗದರಿದರು. ಹಂಪವ್ವ ಮಣೆಯ ಮೇಲೆ ಕೂತಳು, ಮತ್ತೆ ಮಾತಾಡಲಿಲ್ಲ. ನಾವೆಲ್ಲ ಉಳಿದ ಕಂತನ್ನು ದನಿಯಿಲ್ಲದೆಯೇ ಕೊನೆಯವರೆಗೂ ನೋಡಿದೆವು. ಹುಡುಗಿಯ ತಂದೆ ಕೆಂಪು ಕೊಡೆಯನ್ನು ಕೇಳಿ ಬಂದ. ಅವಳನ್ನು ಅಪ್ಪಿಕೊಂಡ. ಹಿಂದಿನ ಕಂತುಗಳ ಗಿರಾಕಿಗಳೆಲ್ಲ ಸಾಲಾಗಿ ನಿಂತು ನಕ್ಕರು, ಮಳೆ ನಿಂತಿತು. ಇಷ್ಟು ಜನರಿಗೆ ಒಮ್ಮೆಗೇ ಸುಖವಾದದ್ದನ್ನು ನಾನು ಗೆರೆಯಾಟದಲ್ಲೂ ಕಂಡಿಲ್ಲ, ಸಂಸಾರದಲ್ಲೂ ಕಂಡಿಲ್ಲ. ಯಾರು ಏನನ್ನು ಬಯಸಿ ಜಗಳವಾಡಿದ್ದರೋ ಅದೆಲ್ಲವನ್ನೂ ಯಂತ್ರ ಒಂದು ತಟ್ಟೆಯಲ್ಲಿ ಬಡಿಸಿಟ್ಟಿತ್ತು.

ಈಗ ಮುಂದಿನ ಹುಣ್ಣಿಮೆಗೆ ಊರಸಭೆ ಸೇರುತ್ತದೆ. ತಿರಕಪ್ಪನವರ ಪತ್ರದ ಪ್ರತಿಯನ್ನು ಅಲ್ಲಿ ಓದಲಾಗುತ್ತದೆ. ಮಾತು ಮರೆತ ದನಿಗಾರ್ತಿಯನ್ನು ಮಣೆಯಿಂದ ಇಳಿಸಿ, ಮಾತನ್ನೂ ಯಂತ್ರಕ್ಕೇ ವಹಿಸಬೇಕೆಂಬ ಸೂಚನೆ ಸಿದ್ಧವಾಗಿದೆ. ಅದು ದಣಿಯುವುದಿಲ್ಲ, ಮರೆಯುವುದಿಲ್ಲ, ತುಟಿಗೆ ಮಾತು ಹೊಂದುತ್ತದೆ ಎಂದು ವಾದ. ಹಂಪವ್ವ ಮಣೆಯನ್ನು ಒರೆಸಿ ಗೋಡೆಗೆ ಒರಗಿಸಿಟ್ಟು ಬಂದಿದ್ದಾಳೆ. ಚುಕ್ಕೆಯನ್ನು ಯಾರು ಆರಿಸಿದರೆಂದು ನಾನು ಸಭೆಯಲ್ಲಿ ಕೇಳುವವಳಿದ್ದೇನೆ. ವಯಸ್ಸಾದ ಅಕ್ಕೋರಿಗೆ ಕಣ್ಣು ಮಂಜಾಗಿದೆ ಎನ್ನುತ್ತಾರೆ, ಅದೂ ಗೊತ್ತು.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮಲ್ಲಿ ಯಾರಾದರೂ ಆ ಕಡೆಯ ಕಂತನ್ನು ಕಣ್ಣಾರೆ ಕಂಡಿದ್ದರೆ, ಕೆಂಪು ಕೊಡೆಯನ್ನು ಕೇಳಿ ಯಾರು ಬಂದರೆಂಬುದನ್ನು ತಾಮ್ರದ ತಗಡಿನ ಮೇಲೆ ಕೊರೆಯಿಸಿ, ಹಟ್ಟಿಯ ಬಳಿ ಯಾವುದಾದರೂ ದೊಡ್ಡ ಬಂಡೆಯ ಬುಡದಲ್ಲಿ ಆಳವಾಗಿ ಹೂಳಿರಿ. ನಾವು ಕೆಳಗಿನಿಂದ ಬಂದು ತೆಗೆದುಕೊಳ್ಳುತ್ತೇವೆ. ಯಾರೂ ಬರಲಿಲ್ಲವೆಂದಿದ್ದರೆ ಯಾರೂ ಬರಲಿಲ್ಲವೆಂದೇ ಬರೆಯಿರಿ. ನಮಗೆ ನೋವಾದೀತೆಂದು ತಿದ್ದಬೇಡಿರಿ. ನೋಡದವರು ನೋಡಿದೆನೆಂದು ಬರೆಯಬಾರದು. ಅಂಥವರನ್ನು ನಾನು ಕಂಡುಹಿಡಿಯಬಲ್ಲೆ.

ಪ್ರೇಕ್ಷಕರು ಎದ್ದುಹೋದರೆಂಬ ಮಾತಿಗೆ ಉತ್ತರವಾಗಿ, ಅಂದು ಕೊನೆಯವರೆಗೂ ಕೂತಿದ್ದವರನ್ನು ಹೆಸರಿಸಿ ಮುಗಿಸುತ್ತೇನೆ. ಮೊದಲ ಮೆಟ್ಟಿಲಲ್ಲಿ ಅಮರಮ್ಮ ಮತ್ತು ಅವರ ಸೊಸೆ ಪಂಪಾವತಿ. ಎರಡನೆಯದರಲ್ಲಿ ಹುಸೇನ್‌ಬೀ, ಗಾಳಿಪಂಪಿನ ಮೌನೇಶ, ಚೇಷ್ಟೆಯ ಮಾತಾಡಿ ಆಮೇಲೆ ತಲೆತಗ್ಗಿಸಿದ ಯಂಕೋಬ. ಮೂರನೆಯದರಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ ನೀಲಾಂಬಿಕೆ ಗಚ್ಚಿನಮನಿ, ಅಂದರೆ ನಾನು. ಪರದೆಯ ಪಕ್ಕದ ಮಣೆಯ ಮೇಲೆ ಹಂಪವ್ವ, ಬಾಯಿಗೆ ಸೆರಗು ಒತ್ತಿಕೊಂಡು. ಕಡೆಯ ಮೆಟ್ಟಿಲಲ್ಲಿ, ದೀಪ ಹತ್ತಿದ ಮೇಲೂ ಏಳದೆ, ಆ ತಂದೆ ಬಂದದ್ದಕ್ಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ ಶ್ರೀ ತಿರಕಪ್ಪನವರು.