ಇವತ್ತ ಒಲಿ ಮುಂದ ಕುಂದರಬ್ಯಾಡ

ಸೊಸಿ ಮಾಯಕ್ಕಗ,

ಹೋದ ವರ್ಷ ಹೋಳಿ ಮುಗದ ಮರುದಿನ, ಮಟಮಟ ಮಧ್ಯಾಹ್ನ, ರೊಟ್ಟಿ ಬಡಿಯೂಮುಂದ ನಿನ್ನ ಮೈಮ್ಯಾಲ ಮೊದಲ ಸಲ ಪಿತ್ತದ ಗಂಧಿ, ಕೆಂಪನ ತುರಿಕಿ ದದ್ದು, ಎದ್ದವು. ನಮ್ಮ ಕುರುಬರ ಮನ್ಯಾಗ ಅದಕ್ಕ ಕಂಬಳಿ ಹೊಚ್ಚೂದು ರೂಢಿ. ನಾನೂ ಹೊಚ್ಚಿಸಿದೆ. ನನ್ನ ಮಾತಿಗೆ ನೀ ಹೊಚಗೊಂಡ ಕುಂತಿ. ಗಂಧಿ ಮತ್ತಷ್ಟು ಎದ್ದವು. ನಿನಗ ಆಗದ್ದು ಕಾವು ಅಂತ ತಿಳಿಯಾಕ ನನಗ ಒಂದು ವರ್ಷ ಹಿಡೀತು. ತಪ್ಪು ನನ್ನದವ್ವ. ಇನ್ನ ಯಾರು ಹೇಳಿದ್ರೂ ಕಂಬಳಿ ಹೊಚಗೋಬ್ಯಾಡ.

ರೊಟ್ಟಿ ನಾನ ಬಡದು ಬುಟ್ಟ್ಯಾಗ ಇಟ್ಟೀನಿ. ಕುರಿ ಹಿಂದ ತಿರಗೂಮುಂದ ನಾವ ಬಡಕೋತಿದ್ದಿವಿ. ದಪ್ಪ ಆಗ್ಯಾವು, ನಗಬ್ಯಾಡ. ಮೊಸರು ಗಡಗ್ಯಾಗ ಐತಿ.

ಖಾನಾಪುರದ ನಮ್ಮಕ್ಕ ಅಮಸೋಲ, ಅಂದ್ರ ಮುರುಗಲ ಹಣ್ಣಿನ ಸಿಪ್ಪಿ, ಒಣಗಿಸಿ ಇಟ್ಟಾಳಂತ. ಅದನ್ನ ನೆನಿಸಿದ ನೀರು ಹಚ್ಚಿದ್ರ ಉರಿ ಕಡಿಮಿ ಆಗತೈತಿ ಅಂತಾಳ. ತರ್ತೀನಿ. ಅದಕ್ಕೂ ಬಗ್ಗಲಿಲ್ಲಂದ್ರ ಡಾಕ್ಟರ ಕಡೆ ನಾನ ಕರಕೊಂಡ ಹೋಗ್ತೀನಿ.

ಗುರುಸಿದ್ದ ಮಚ್ಛೆ ಊರಿನ ಕಾರ್ಖಾನಿಯಿಂದ ಬಂದು, "ಮತ್ತ ಅದ ನೆಪಾ ಏನು?" ಅಂದ್ರ ಈ ಚೀಟಿ ಅವನ ಕೈಯಾಗ ಕೊಡು.

ಮಗನ, ಇದು ನೆಪಾ ಅಲ್ಲ, ನಾ ಕಣ್ಣಾರೆ ನೋಡೀನಿ. ಬಿಸಿ ರೊಟ್ಟಿ ಬೇಕಂದ್ರ ಒಲಿ ಮುಂದ ನೀನ ಕುಂದರು.

ನಾ ಖಾನಾಪುರಕ್ಕ ಹೋಗೀನಿ, ಸೋಮವಾರ ಮುಂಜಾನಿ ಬರದದ್ದು. ನಿಮ್ಮ ಲಕ್ಷ್ಮಪ್ಪ.